ನಾಲ್ಕು ದಿನ ಕಡಿಮೆ

ಬೆಳಗ್ಗೆ ಎಂಟೂವರೆಗೆ ಆಯಮ್ಮ ಶಾಲೆಯ ಹೊಸ ಶೌಚಾಲಯದ ಬೀಗ ತೆಗೆದು ಬಿಳಿ ಟೈಲ್ಸ್ ಉಜ್ಜುತ್ತಾಳೆ. ಉಜ್ಜುವಂಥ ಕೊಳೆಯೇನೂ ಇರುವುದಿಲ್ಲ. ಕಟ್ಟಿ ಎರಡು ವರ್ಷವಾದರೂ ಒಳಗೆ ಒಬ್ಬರೂ ಹೋಗಿಲ್ಲ. ಬಾಗಿಲ ಮೇಲೆ 'ಹೆಣ್ಣುಮಕ್ಕಳಿಗಾಗಿ' ಎಂದು ಬರೆದಿದೆ. ಧೂಳು ಒರೆಸಿ, ಮತ್ತೆ ಬೀಗ ಜಡಿದು, ಕೀಲಿಯನ್ನು ಹೆಡ್‌ಮಾಸ್ಟರ ಮೇಜಿನ ಮೇಲಿಡುತ್ತಾಳೆ. ಸಾಹೇಬರು ತಪಾಸಣೆಗೆ ಯಾವಾಗ ಬಂದರೂ ಅದು ಫಳಫಳ ಹೊಳೆಯಬೇಕೆಂಬುದು ಹೆಡ್‌ಮಾಸ್ಟರ ಅಪ್ಪಣೆ.

ಆಯಮ್ಮನ ಮಗಳು ಓದುವುದು ಅದೇ ಶಾಲೆಯ ಹತ್ತನೇ ತರಗತಿಯಲ್ಲಿ. ಹುಡುಗಿಯರೆಲ್ಲ ಹೋಗುವುದು ಹಿಂದಿನ ಪೊದೆಗಳ ಮರೆಗೆ. ಮುಟ್ಟಿನ ದಿನಗಳಲ್ಲಿ ಅದೂ ಆಗದು. “ಸಂಜೆವರೆಗೂ ಕಲ್ಲಿನ ಹಾಗೆ ಕೂತಿರ್ಬೇಕು, ನಾನು ಹೋಗಲ್ಲಮ್ಮ” ಎಂದು ಮಗಳು ತಿಂಗಳಿಗೆ ಐದು ದಿನ ಮನೆಯಲ್ಲೇ ಉಳಿಯುತ್ತಿದ್ದಳು. ತಾಯಿ ಒಮ್ಮೆಯೂ ಕೀಲಿ ಕೇಳಲಿಲ್ಲ. ಕೇಳಿದರೆ ಇರುವ ಕೆಲಸಕ್ಕೂ ಕಲ್ಲು ಬಿದ್ದೀತೆಂಬ ಭಯ.

ಕಳೆದ ಮಂಗಳವಾರ ಪರೀಕ್ಷೆಗೆ ಕೂರುವವರ ಪಟ್ಟಿ ಅಂಟಿಸಿದರು. ಅದರಲ್ಲಿ ಮಗಳ ಹೆಸರಿಲ್ಲ. ಅವಳ ಹಾಜರಿ ನೂರಾ ಅರವತ್ತೊಂದು ದಿನ, ಬೇಕಿದ್ದದ್ದು ನೂರಾ ಅರವತ್ತೈದು.

ಆಯಮ್ಮ ಪೊರಕೆ ಹಿಡಿದೇ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದಳು.

“ನಾಲ್ಕೇ ದಿನ, ಸಾರ್.”

“ನಾಲ್ಕಾದ್ರೂ ಅಷ್ಟೇ, ನಲವತ್ತಾದ್ರೂ ಅಷ್ಟೇ. ಮಗಳನ್ನ ಮನೇಲಿ ಕೂರಿಸ್ಕೊಂಡು ಈಗ ನನ್ನ ಕೇಳ್ತೀಯಲ್ಲ!”

“ಯಾಕೆ ಕೂತ್ಲು ಅಂತ ನಿಮಗೆ ಗೊತ್ತಿಲ್ವಾ? ಆ ಬಾಗಿಲಿಗೆ ಬೀಗ ಹಾಕ್ಸಿದ್ದು ಯಾರು?”

“ತೆಗೆದಿಟ್ರೆ ಎಂಟೇ ದಿನಕ್ಕೆ ಗಬ್ಬೆದ್ದು ಹೋಗುತ್ತೆ, ಆಯಮ್ಮ.”

“ತೊಳೆಯೋಳು ನಾನು. ಗಬ್ಬೆದ್ರೆ ನಿಮ್ಮ ಕೈಗೇನು ಪೊರಕೆ ಕೊಡ್ತಿದ್ನಾ?”

ಮೂಲೆಯಲ್ಲಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. ಹೆಡ್‌ಮಾಸ್ಟರು ನಗಲಿಲ್ಲ. ಹಾಜರಿ ಪುಸ್ತಕವನ್ನು ಅವಳ ಮುಂದೆ ತಳ್ಳಿ, “ನೋಡು, ನಿನ್ನದೇ ಹೆಬ್ಬೆಟ್ಟು” ಎಂದರು.

ಆಯಮ್ಮನಿಗೆ ಓದಲು ಬಾರದು. ಬಾಗಿಲಲ್ಲಿ ನಿಂತಿದ್ದ ಮಗಳು ಬಂದು ಓದಿದಳು. ಪ್ರತಿ ತಿಂಗಳ ಗೈರುಹಾಜರಿಯ ಎದುರೂ ಕಾರಣ ಒಂದೇ: 'ಪೋಷಕರ ನಿರ್ಲಕ್ಷ್ಯ.' ಅದರ ಕೆಳಗೆ ಶಾಯಿಯ ಗುರುತು. ಸಂಬಳದ ಕಾಗದಗಳ ಜೊತೆ ಇದನ್ನೂ ಮುಂದಿಟ್ಟು ಒತ್ತಿಸಿಕೊಂಡಿದ್ದರು. ಏನು ಬರೆದಿದೆ ಎಂದು ಹತ್ತು ತಿಂಗಳಲ್ಲಿ ಯಾರೂ ಹೇಳಿರಲಿಲ್ಲ.

“ನಿರ್ಲಕ್ಷ್ಯ ಅಂದ್ರೇನೇ?” ತಾಯಿ ಕೇಳಿದಳು.

“ನಿಂಗೆ ನನ್ನ ಮೇಲೆ ಗಮನ ಇಲ್ಲ ಅಂತ, ಅಮ್ಮ.”

ಎಂಟನೇ ತರಗತಿಯಲ್ಲಿ ಅವಳ ಜೊತೆಗೆ ಇನ್ನೂ ಹದಿನೆಂಟು ಹುಡುಗಿಯರಿದ್ದರು. ಈಗ ಪಟ್ಟಿಯಲ್ಲಿರುವವರು ಆರೇ ಜನ. ಪರೀಕ್ಷೆ ಇದೇ ಇಪ್ಪತ್ನಾಲ್ಕರಿಂದ. ಮಗಳು ಸೋಮವಾರದಿಂದ ಚಿಕ್ಕಮ್ಮನ ಜೊತೆ ಈರುಳ್ಳಿ ಮಂಡಿಯಲ್ಲಿ ಕೆಲಸಕ್ಕೆ ಸೇರುತ್ತಾಳೆ.