ಕಮಲಾಪುರದಲ್ಲಿ ನಾಜಿಮಾ ಬಡಿದ ಬಾಗಿಲು

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕು ಎದ್ದು ಹೋಗುತ್ತಿದ್ದೆ. ಕಾನೂನು ಓದಿದವನಿಗೆ ಸಾಕ್ಷಿ ಬೇಕು. ಈ ಸಂಗತಿಗೆ ಅರ್ಧ ಊರೇ ಸಾಕ್ಷಿ, ಆದರೂ ನನಗೆ ಇನ್ನೂ ಬಗೆಹರಿದಿಲ್ಲ.

ಆಗ ಕಲಬುರಗಿಯಲ್ಲಿ ನಮ್ಮದು ಕಾನೂನಿನ ಕೊನೆಯ ವರ್ಷ. ಊರೂರಿಗೆ ಹೋಗಿ ಜನರಿಗೆ ಕಾನೂನು ತಿಳಿಸುವುದೂ ಓದಿನ ಒಂದು ಭಾಗ. ಹಾಗೆ ಹತ್ತಿರದ ಕಮಲಾಪುರಕ್ಕೆ ನಾನು ಬರೆದ ಬೀದಿನಾಟಕ ಒಯ್ದೆವು. ಗಂಡ ಹೊರಗೆ ಹಾಕಿ ಬೀಗ ಜಡಿದರೆ ಹೆಂಡತಿ ತಾನೇ ಬೀಗ ಒಡೆಯಬಾರದು, ಉಚಿತ ಕಾನೂನು ನೆರವು ಪಡೆದು ಕೋರ್ಟಿಗೆ ಹೋಗಬೇಕು ಎಂಬುದು ಅದರ ಸಾರ. ಹೆಂಡತಿಯ ಪಾತ್ರ ಸಹಪಾಠಿ ನಾಜಿಮಾಳದು. ಮನೆಯಲ್ಲಿ ದಖನಿ ಉರ್ದು ಆಡುವ ಹುಡುಗಿ, ಕನ್ನಡದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು.

ಇಳಿಹೊತ್ತು. ಗಂಜ್ ಮಾರುಕಟ್ಟೆಯ ವ್ಯಾಪಾರಿಯೊಬ್ಬ ತೊಗರಿ ತುಂಬಿಟ್ಟು ಬೀಗ ಹಾಕಿ ಹೋದ ಕೋಣೆಯ ಬಾಗಿಲೇ ನಮ್ಮ ನಾಟಕದ ಮನೆಬಾಗಿಲು. ನಾಜಿಮಾ ಅದನ್ನು ಬಡಿದಳು. "ಇದು ನನ್ನ ಮನಿ" ಎನ್ನಬೇಕಾದವಳು ಮುದುಕಿಯ ದನಿಯಲ್ಲಿ, "ಶಿವಮ್ಮಾ, ಬಾಗಲಾ ತೆಗಿಯವ್ವಾ, ಉಸರಾಡ್ಲಾಕ ಆಗವಲ್ದು" ಎಂದಳು. ನಾಟಕದಲ್ಲಿ ಶಿವಮ್ಮ ಎಂಬವಳೇ ಇಲ್ಲ.

"ಎಷ್ಟ್ ಛಂದ ಮಾಡ್ತಾಳ ನೋಡ್ರಿ!" ಎಂದು ಜನ ಚಪ್ಪಾಳೆ ತಟ್ಟಿದರು. ಮಾತು ಮರೆತಳೆಂದು ನಾನು ಸನ್ನೆ ಮಾಡಿದೆ. ಅವಳು ತಿರುಗಲಿಲ್ಲ. ಅಂಗೈ ಕೆಂಪಾದರೂ ಬಡಿಯುತ್ತಲೇ ಇದ್ದಳು. ದನಿ ಮಾತ್ರ ಸಣ್ಣದಾಗುತ್ತಾ ಹೋಯಿತು.

ಹೆಂಗಸರ ನಡುವಿನಿಂದ ಒಬ್ಬಳು ಚೀರಿ ಎದ್ದಳು. "ನಾನೇ ಶಿವಮ್ಮರೀ! ಅದು ನಮ್ಮತ್ತಿ ದನಿ! ಮುಂಜಾನಿ ಅಲ್ಲೇ ಕಸಾ ಹೊಡಿಲಾಕ ಹೋಗಿದ್ಳು. ಮಗಳ ಮನಿಗಿ ಹೋಗ್ಯಾಳಂತ ಸುಮ್ನಿದ್ದೆ!"

ಬಾಗಿಲಿಗೆ ಕಿವಿ ಹಚ್ಚಿದೆ. ಒಳಗೆ ಸದ್ದಿಲ್ಲ. ಯಾರೋ ಕಲ್ಲು ತಂದರು. "ತಡೀರಿ, ಮಂದಿ ಬೀಗ ಅದು, ಮಾಲಕರಿಗಿ ಫೋನ್ ಹಚ್ಚೋಣ" ಎಂದೆ.

"ವಕೀಲ ಸಾಹೇಬ್ರ, ಮುದುಕಿ ಸತ್ತ ಮ್ಯಾಲ ಕೋರ್ಟಿಗಿ ಹೋಗಮೇನ್ರಿ?" ಎಂದ ಒಬ್ಬ ಮುದುಕ.

ಕಲ್ಲು ಕಸಿದು ನಾನೇ ಬೀಗ ಒಡೆದೆ.

ತೊಗರಿಗೆ ಹುಳ ಹತ್ತದಿರಲೆಂದು ಇಟ್ಟ ಗುಳಿಗೆಯ ಘಾಟು ಮೂಗಿಗೆ ಹೊಡೆಯಿತು. ಚೀಲಗಳ ಹಿಂದೆ ಮುದುಕಿ ಬಿದ್ದಿದ್ದಳು. ಅಲ್ಲಿ ಒರಗಿ ನಿದ್ದೆ ಹೋದವಳನ್ನು ನೋಡದೆ ಬೀಗ ಹಾಕಿದ್ದರು. ಕಲಬುರಗಿಯ ಆಸ್ಪತ್ರೆಯಲ್ಲಿ ಅಂತೂ ಬದುಕಿದಳು. "ಒದರಬೇಕಂದ್ರ ದನಿನೇ ಹೊಂಡ್ಲಿಲ್ಲಪಾ. ಮನಸಿನ್ಯಾಗೇ ಶಿವಮ್ಮನ್ನ ಕರದೆ" ಎಂದಳು.

ನಾಜಿಮಾಳ ಕಿವಿಗೆ ಒಳಗಿನ ನರಳಾಟ ಬಿದ್ದಿರಬೇಕು ಎಂದುಕೊಂಡು, ಅವಳನ್ನೇ ಕೇಳಿದೆ.

"ನಾ ಏನಂದೆ ಗೊತ್ತಿಲ್ಲ ಭಾಯಿ. ಬಾಗಲಾ ಬಡದಿದ್ದಷ್ಟೇ ನೆನಪದ" ಎಂದು ಅಂಗೈ ನೋಡಿಕೊಂಡಳು. "ಆದ್ರ ಭಾಳ ಕತ್ತಲಿತ್ತು. ನಾ ಒಳಗಿದ್ದೆ."

ಇಷ್ಟು ವರ್ಷ ವಕೀಲಿ ಮಾಡಿದರೂ ಆ ಮಾತಿಗೆ ಹಾಕಲು ನನ್ನಲ್ಲಿ ಒಂದು ಪಾಟಿಸವಾಲೂ ಇಲ್ಲ.