ದುಂಡು ಕಣದ ನಾಲ್ಕು ಮೂಲೆ

ಗದುಗಿನ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳಕ್ಕೆ ಈಗ ಸಿಮೆಂಟಿನ ನೆಲ, ತಗಡಿನ ಚಾವಣಿ. ಅದರ ಚರಿತ್ರೆ ಬರೆಯುತ್ತಿರುವ ಹುಡುಗರು ಮೊನ್ನೆ ನನ್ನ ಬಳಿ ಬಂದಿದ್ದರು. "ಕೂಲಿಗಳ ಅಜ್ಞಾನದಿಂದ ಮೊದಲ ಅಂಗಳ ಕೆಟ್ಟಿತು" ಎಂದು ಬರೆದುಕೊಂಡಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಅವರು ಕೂಲಿ ಎಂದದ್ದು ನಮ್ಮವ್ವನಿಗೆ ಮತ್ತು ಪಕ್ಕದ ಮನೆಯ ಚಿಗವ್ವನಿಗೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಏಕೀಕರಣಕ್ಕೆ ಇನ್ನೂ ಒಂದು ವರ್ಷವಿತ್ತು. ನಮ್ಮ ತಂಡದಲ್ಲಿ ಸಾಂಗ್ಲಿ ರಾಜರ ಪ್ರಜೆಯಾಗಿ ಹುಟ್ಟಿದ ಶಿರಹಟ್ಟಿಯವನಿದ್ದ, ಮುಂಬೈ ಸರಕಾರದ ಬೆಟಗೇರಿಯವನಿದ್ದ. ಲಕ್ಷ್ಮೇಶ್ವರದ ಮುಸಲ್ಮಾನ ಗೆಳೆಯ ನಾಯಕ. ಕಬ್ಬಿಣದ ಕೆಲಸದ ಅವನ ಅಪ್ಪ ಚೆಂಡು ಹಾಕಲು ಎರಡು ಬಳೆ ಬಡಿದುಕೊಟ್ಟಿದ್ದ. ನಾನು ಹೊಳೆದಂಡೆಯ ಕೊರ್ಲಹಳ್ಳಿಯವನು. ಎಲ್ಲ ಇದ್ದೂ ನೆಲ ಮಾತ್ರ ಎರೆಮಣ್ಣು. ಮಳೆಗೆ ಕಾಲು ಹಿಡಿಯುತ್ತಿತ್ತು, ಬಿಸಿಲಿಗೆ ಕೈ ಹಿಡಿಸುವಷ್ಟು ಬಿರಿಯುತ್ತಿತ್ತು. ಒಳ್ಳೆಯ ಅಂಗಳವಿಲ್ಲದ ಕಾಲೇಜನ್ನು ಪಂದ್ಯಕ್ಕೆ ಸೇರಿಸುವುದಿಲ್ಲವೆಂದು ವಿಶ್ವವಿದ್ಯಾಲಯದಿಂದ ಕಾಗದ ಬಂತು. ಧಾರವಾಡದ ಸಾಹೇಬರೊಬ್ಬರು ಬಂದು ನೋಡಿ ಒಪ್ಪಬೇಕು. ನನಗದು ಕಾಲೇಜಿನ ಕೊನೆಯ ವರ್ಷ. ಆಗ ಆಡದಿದ್ದರೆ ಮುಂದೆ ಆಡುವಂತಿರಲಿಲ್ಲ.

ಸಿಮೆಂಟಿಗೆ ಪರವಾನಗಿ ಸಿಗುವ ಕಾಲವಲ್ಲ ಅದು. ವ್ಯಾಯಾಮದ ಮಾಸ್ತರರು ತಲೆಮೇಲೆ ಕೈಹೊತ್ತು ಕೂತರು.

"ಕಣಾ ಮಾಡಿದಂಗ ಮಾಡಿದ್ರ ಆತ್ರಿ ಸರ್," ಎಂದೆ. "ನಮ್ಮವ್ವ ಮಾಡಿದ ಕಣದಾಗ ಒಂದ ಜ್ವಾಳದ ಕಾಳ ಮಣ್ಣಿಗೆ ಹತ್ತಂಗಿಲ್ಲ."

ಮಾಸ್ತರರು ನನ್ನ ಬಡಾಯಿ ನಂಬಿ, ಎಲ್ಲ ನನಗೊಪ್ಪಿಸಿ, ಸಾಹೇಬರನ್ನು ಕರೆತರಲು ಧಾರವಾಡಕ್ಕೆ ಹೋದರು.

ಅವ್ವ ಊರಿಂದ ಚಿಗವ್ವನನ್ನು ಕರೆದುಕೊಂಡು ಬಂದಳು. ಎರೆ ಕೆತ್ತಿಸಿ, ಕಪ್ಪತಗುಡ್ಡದ ಕೆಂಪು ಗರಸುಮಣ್ಣು ಹಾಕಿಸಿ, ನೀರು ಹೊಡೆಸಿ, ನಡುವೆ ಮೇಟಿಕಂಬ ನೆಟ್ಟಳು. ಹುಲಕೋಟಿಯ ಎತ್ತುಗಳು ಮೂರು ದಿನ ಆ ಕಂಬ ಸುತ್ತಿದವು. ಆಮೇಲೆ ಕಂಬ ಕಿತ್ತು, ಇಬ್ಬರೂ ಸೇರಿ ಸಗಣಿ ಸಾರಿಸಿದರು. ಚೆಂಡು ಎದೆಮಟ್ಟ ಪುಟಿಯುವುದನ್ನು ಕಂಡು ನಾವು ಕುಣಿದಾಡಿದೆವು.

ಸಾಹೇಬರು ಬರುವ ದಿನ ಬೆಳಿಗ್ಗೆ ಸುಣ್ಣದ ಗೆರೆ ಎಳೆಯಲು ಹೋದಾಗ, ಗೆರೆ ಮೂಲೆ ಮುಟ್ಟುವ ಮೊದಲೇ ಗಟ್ಟಿ ನೆಲ ಮುಗಿದುಹೋಯಿತು. ಕಂಬ ಸುತ್ತಿದ ಎತ್ತುಗಳು ದುಂಡು ಕಣ ಮಾಡಿದ್ದವು. ಆಟದ ಅಂಗಳಕ್ಕೆ ನಾಲ್ಕು ಮೂಲೆ. ಅವ್ವ ಆಟ ಕಂಡವಳಲ್ಲ, ಕಣ ಬೇಕೆಂದಿದ್ದೆ, ಕಣ ಮಾಡಿದ್ದಳು. ಮೂರು ದಿನ ಎದುರಿಗೇ ನಿಂತಿದ್ದ ನಮಗೂ ಅದು ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ದುಂಡು ಕಣವನ್ನೇ ನೋಡಿದವರು ನಾವು. ಮೂಲೆಗಳಲ್ಲಿ ಗರಸು ಸಡಿಲವಾಗಿ ಬಿದ್ದಿತ್ತು. ಹೆಂಗಸರಿಬ್ಬರೂ ಇನ್ನೂ ತಾವು ಇಳಿದುಕೊಂಡಿದ್ದ ಬಿಡಾರದಲ್ಲಿದ್ದರು. ನಾನು ಬುಟ್ಟಿ ಸಗಣಿ ತಂದು ಅದರ ಮೇಲೆ ತೆಳ್ಳಗೆ ಬಳಿದುಬಿಟ್ಟೆ.

"ಇದು ಮೋಸ ಆಗ್ತೈತಲೇ," ಎಂದ ನಾಯಕ.

"ಸುಮ್ನಿರಲೇ, ಸಾಹೇಬ ಮೂಲಿಗೆ ಯಾಕ ಹೋಗ್ತಾನ?"

ಸಾಹೇಬರು ನೇರ ಮೂಲೆಗೇ ಹೋದರು. ಬೂಟಿನ ಹಿಮ್ಮಡಿ ಕುಸಿಯಿತು. ಚೆಂಡು ಬಿಟ್ಟರು, ಅದು ಬಿದ್ದಲ್ಲೇ ಕೂತಿತು.

"ಹೊಲದ ಹೆಣ್ಮಕ್ಕಳಿಗೆ ಅಳತಿ ಏನ ತಿಳೀತದ್ರಿ, ಮಾಸ್ತರ?" ಎಂದರು. "ಮ್ಯಾಲೆ ಸಗಣಿ ಹಚ್ಚಿ ಮುಚ್ಯಾರ ಬ್ಯಾರೆ."

ಅವ್ವ ಹತ್ತು ಹೆಜ್ಜೆ ಆಚೆ ನಿಂತಿದ್ದಳು. ತಾನು ಬಳಿದದ್ದಲ್ಲವೆಂದು ಆಕೆಗೆ ಗೊತ್ತು. ತಿರುಗಿ ಚಿಗವ್ವನ ಮುಖ ನೋಡಿದಳು. ಚಿಗವ್ವ ತಾನಲ್ಲವೆಂದು ತಲೆಯಾಡಿಸಿದಳು. ಅವ್ವ ನಂಬಲಿಲ್ಲ. ನಾನು ನೆಲ ನೋಡುತ್ತ ನಿಂತೆ. ಆ ವರ್ಷ ಪಂದ್ಯದ ಪಟ್ಟಿಯಲ್ಲಿ ನಮ್ಮ ಕಾಲೇಜು ಬರಲಿಲ್ಲ.

ಮಗನ ಆಟ ಕೆಡಿಸಿದಳೆಂದು ಅವ್ವ ಚಿಗವ್ವನೊಡನೆ ಮಾತು ಬಿಟ್ಟಳು. ಇಬ್ಬರ ನಡುವೆ ಒಂದೇ ಗೋಡೆ. ಹಬ್ಬದ ಹೋಳಿಗೆಯೂ ಆಚೆ ಹೋಗಲಿಲ್ಲ. ಮುಳಗುಂದದಲ್ಲಿ ಮಾಸ್ತರಿಕೆ ಸಿಕ್ಕ ಮೇಲೆ ನಾನು ಊರಿಗೆ ಹೋದಾಗೆಲ್ಲ ಅದನ್ನು ನೋಡಿದೆ, ಉಂಡೆ, ಬಂದೆ. ಎಂಥ ಹೇಡಿ ನಾನು.

ಏಕೀಕರಣವಾಯಿತು. ಮೂಲೆಗಳನ್ನೂ ಬಡಿದು ಗಟ್ಟಿ ಮಾಡಿ, ಅಂಗಳ ಒಪ್ಪಿಗೆಯಾಗಿ, ಮೊದಲ ಪಂದ್ಯ ನಡೆಯಿತು. ಅವ್ವನನ್ನು ಕರೆದೊಯ್ದಿದ್ದೆ. ತನ್ನ ನೆಲದ ಮೇಲೆ ಹುಡುಗರು ಓಡುವುದನ್ನು ನೋಡಿ ಅವಳ ಮುಖ ಅರಳಿತು. ಸ್ವಲ್ಪ ಹೊತ್ತಿಗೆ, "ಆಕಿ ಕೈ ಸುಟ್ಟ ಹೋಗ್ಲಿ, ನೀನೂ ಹಿಂಗ ಆಡ್ತಿದ್ದಿ," ಎಂದಳು. ನನಗೆ ತಡೆಯಲಾಗಲಿಲ್ಲ.

"ಅವ್ವಾ, ಸಗಣಿ ಬಳದಾಂವ ನಾನು."

ಅವ್ವ ನನ್ನನ್ನು ದಿಟ್ಟಿಸಿದಳು. "ಒಂದ ವರ್ಷ ಆಕಿ ಮಾರಿ ನೋಡಿಲ್ಲೋ, ಭಾಡ್ಯಾ," ಎಂದು ಎದ್ದಳು. "ನಡಿ, ಬಸ್ಸಿಗೆ ಹೋಗೂಣು." ಆಟ ಅರ್ಧಕ್ಕೇ ಬಿಟ್ಟು ಬಂದೆವು. ಊರಲ್ಲಿ ಬಸ್ಸಿಳಿದವಳೇ ಆಕೆ ಚಿಗವ್ವನ ಮನೆಗೆ ನಡೆದಳು.

ಚಿಗವ್ವ ಅಕ್ಕಿ ಆರಿಸುತ್ತಿದ್ದಳು. ಅವ್ವ ನನ್ನನ್ನು ಮುಂದೆ ನೂಕಿದಳು. ನಿಂತಲ್ಲೇ ಎಲ್ಲ ಹೇಳಿದೆ. ಚಿಗವ್ವ ಮೊರ ಕೆಳಗಿಟ್ಟಳು.

"ಅಷ್ಟ ಮಾಡಿದ್ರೂ ನಿನಗ ಆಟ ಸಿಗಲಿಲ್ಲಲ್ಲೋ, ತಮ್ಮಾ," ಎಂದು ಕಣ್ಣೊರೆಸಿಕೊಂಡಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.