ತಂಗಿ ಕೌನ್ಸಿಲ್‌ಗೆ ನಿಂತಾಗ

ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ಫಾರ್ಮಸಿಸ್ಟ್ ಆಗಿರುವ ನನ್ನ ತಂಗಿ ಒಂದು ಶನಿವಾರ ಫೋನ್ ಮಾಡಿ, "ಅಕ್ಕ, ಇಲ್ಲಿ ಡಿಸ್ಟ್ರಿಕ್ಟ್ ಕೌನ್ಸಿಲ್ ಎಲೆಕ್ಷನ್‌ಗೆ ನಿಲ್ತಾ ಇದೀನಿ" ಎಂದಳು. ಇತ್ತ ಅಮೆರಿಕದಲ್ಲಿ, ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ದೋಸೆ ಹುಯ್ಯುತ್ತಿದ್ದೆ.

"ನಿಂದಿನ್ನೂ ಇಂಡಿಯನ್ ಪಾಸ್‌ಪೋರ್ಟ್ ಅಲ್ವೇನೇ?"

"ಇಲ್ಲಿ ನಡೆಯುತ್ತೆ. ನಾವು ಕಾಮನ್‌ವೆಲ್ತ್‌ನೋರು. ಖಾಯಂ ಆಗಿ ಇರೋಕೆ ಪರ್ಮಿಷನ್ ಇದ್ರೆ ವೋಟೂ ಹಾಕ್ಬಹುದು, ನಿಂತ್ಕೊಳ್ಳಲೂಬಹುದು."

ಗ್ರೀನ್ ಕಾರ್ಡ್ ಹಿಡಿದು ಇಷ್ಟು ವರ್ಷ ಇಲ್ಲಿದ್ದರೂ ನನಗೆ ಮತದಾನದ ಹಕ್ಕಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಆದರೆ ಅವಳು ಗೆಲ್ಲುತ್ತಾಳೆ ಎನ್ನುವುದರಲ್ಲಿ ನನಗೆ ಅಂದೇ ಅನುಮಾನವಿರಲಿಲ್ಲ.

ಅವಳು ನಿಂತ ಕಾರಣ ಸರಳವಾಗಿತ್ತು. ಮಾರುಕಟ್ಟೆಯ ಬಳಿಯಿದ್ದ ಸಾರ್ವಜನಿಕ ಶೌಚಾಲಯಕ್ಕೆ ಕೌನ್ಸಿಲ್ ಬೀಗ ಹಾಕಿತ್ತು. ಅಂದಿನಿಂದ ಅವಳ ವಯಸ್ಸಾದ ಗಿರಾಕಿಗಳು ಸಂತೆಯ ದಿನ ಮೈಯ ನೀರಿಳಿಸಲು ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆಯನ್ನೇ ನುಂಗದೆ ಪೇಟೆಗೆ ಬರುತ್ತಿದ್ದರು. ಕಾಲು ಊದಿಸಿಕೊಂಡು ಬಂದ ಅಜ್ಜಿಯೊಬ್ಬರಿಂದ ಅವಳಿಗೆ ವಿಷಯ ತಿಳಿದಿತ್ತು.

ಪ್ರತಿ ಶನಿವಾರ ವಿಡಿಯೋ ಕಾಲ್‌ನಲ್ಲಿ ಮನೆಮನೆ ಪ್ರಚಾರದ ಅಭ್ಯಾಸ ನಡೆಯಿತು. ನನ್ನ ಗಂಡ ಸಿಡುಕಿನ ಮತದಾರನ ಪಾತ್ರ ವಹಿಸುತ್ತಿದ್ದರು. ಅವಳು ತನ್ನ ಓದು, ಅನುಭವ ಎಂದು ಶುರುಮಾಡಿದರೆ ಇವರು "ನಾಟ್ ಇಂಟರೆಸ್ಟೆಡ್" ಎಂದು ಲ್ಯಾಪ್‌ಟಾಪನ್ನೇ ಮುಚ್ಚಿಬಿಡುತ್ತಿದ್ದರು.

"ಮೊದಲು ಟಾಯ್ಲೆಟ್ ವಿಷ್ಯ ಹೇಳೇ," ಎಂದೆ ನಾನು.

"ಬಾಗಿಲು ತೆಗೆದ ತಕ್ಷಣ ಅದನ್ನ ಹೇಳೋಕೆ ನಾಚಿಕೆ ಆಗುತ್ತೆ, ಅಕ್ಕ."

"ಆ ಅಜ್ಜಿ ನಿನ್ನ ಹತ್ರ ಹೇಳ್ಕೊಂಡ್ರಲ್ಲ, ಅವರಿಗೆ ನಾಚಿಕೆ ಆಗ್ಲಿಲ್ವಾ?"

ಮುಂದಿನ ವಾರದಿಂದ ಅವಳ ಮಾತು ಅಲ್ಲಿಂದಲೇ ಶುರುವಾಯಿತು. ಜನ ಒಳಗೆ ಕರೆದು ಟೀ ಕೊಡತೊಡಗಿದರಂತೆ.

ಮತ ಎಣಿಕೆಯ ದಿನ ಅವಳಿಗೆ ಮಧ್ಯಾಹ್ನ, ನನಗೆ ಬೆಳಗ್ಗೆ. ಡೆನ್ನಿ ಟ್ರಯಾಂಗಲ್‌ನಲ್ಲಿರುವ ನನ್ನ ಆಫೀಸಿನ ಕೆಳಗೆ ಕಾರು ನಿಲ್ಲಿಸಿ ಕೂತಿದ್ದೆ. ಅವಳು ಕೆಲವೇ ಮತಗಳಿಂದ ಮುಂದಿದ್ದಳು. ಅವಳ ಎದುರು ನಿಂತಿದ್ದ ಹಳೆಯ ಸದಸ್ಯರು ಮರುಎಣಿಕೆ ಕೇಳಿದ್ದರು. ಮೀಟಿಂಗಿಗೆ ತಡವಾಗುತ್ತದೆ ಎಂದು ಮೆಸೇಜ್ ಮಾಡಿ ಅಲ್ಲೇ ಕಾದೆ. ಕೊನೆಗೆ ಫೋನ್ ಬಂತು.

"ಗೆದ್ದೆ ಅಕ್ಕ. ಸೋತೋರೇ ಬಂದು ಕೈ ಕುಲುಕಿದ್ರು. ಟಾಯ್ಲೆಟ್ ವಿಷ್ಯಕ್ಕೆ ಯಾವ ಆಫೀಸರ್‌ನ ಹಿಡೀಬೇಕು ಅಂತಾನೂ ಹೇಳಿದ್ರು."

ಅವಳ ದನಿ ಶಾಂತವಾಗಿತ್ತು. ಅತ್ತವಳು ನಾನು.

ಬೀಗ ತೆಗೆಸಲು ಅವಳಿಗೆ ಚಳಿಗಾಲದವರೆಗೆ ಬೇಕಾಯಿತು. ಅಷ್ಟರಲ್ಲಿ ನಾನೊಂದು ವಿಷಯ ತಿಳಿದುಕೊಂಡಿದ್ದೆ: ನಮ್ಮ ಸಿಟಿ ಕೌನ್ಸಿಲ್ ಸಭೆಯಲ್ಲಿ ಮಾತಾಡಲು ಮತದಾನದ ಹಕ್ಕು ಬೇಕಿಲ್ಲ. ನಮ್ಮ ಬೀದಿಯಲ್ಲಿ ಮಕ್ಕಳು ರಸ್ತೆ ದಾಟುವಲ್ಲಿ ದೀಪವಿರಲಿಲ್ಲ. ಒಂದು ಮಂಗಳವಾರ ಸಂಜೆ ಹೋಗಿ ಮೈಕಿನ ಮುಂದೆ ನಿಂತೆ. ಯಾವ ಪೀಠಿಕೆಯೂ ಇಲ್ಲದೆ ನೇರವಾಗಿ ದೀಪದ ವಿಷಯಕ್ಕೇ ಬಂದೆ.